ದೇವದತ್ತನ ರಾತ್ರಿಯೂಟ

ಪೂರ್ವಮೀಮಾಂಸೆಯ ಗ್ರಂಥಗಳಲ್ಲಿ ದೇವದತ್ತನೆಂಬ ಒಬ್ಬ ಸ್ಥೂಲಕಾಯನು ಶತಮಾನಗಳಿಂದ ಬಾಳಿಕೊಂಡು ಬಂದಿದ್ದಾನೆ. ಅವನ ಊರು ಯಾವುದು, ಕುಲ ಯಾವುದು ಎಂಬುದನ್ನು ಶಾಸ್ತ್ರಕಾರರು ಹೇಳಿಲ್ಲ. ಹೇಳಿರುವುದು ಎರಡೇ ಸಂಗತಿ. ಅವನು ದಷ್ಟಪುಷ್ಟನಾಗಿದ್ದಾನೆ, ಹಗಲಿನಲ್ಲಿ ಅವನು ಏನನ್ನೂ ಉಣ್ಣುವುದಿಲ್ಲ. ಎರಡೂ ನಿಜ, ಎರಡನ್ನೂ ಬಲ್ಲೆವು. ಆದರೆ ಒಂದಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ಹೊಂದಿಸಬೇಕಾದರೆ ನಾವು ಕಾಣದ ಮೂರನೆಯದೊಂದನ್ನು ಒಪ್ಪಬೇಕು: ದೇವದತ್ತನು ರಾತ್ರಿ ಉಣ್ಣುತ್ತಾನೆ. ಹೀಗೆ ಹೊಂದದ ಎರಡನ್ನು ಹೊಂದಿಸುವುದಕ್ಕಾಗಿ ಕಾಣದ ಒಂದನ್ನು ಕಲ್ಪಿಸಿಕೊಳ್ಳುವ ಬಗೆಗೆ ಮೀಮಾಂಸಕರು ‘ಅರ್ಥಾಪತ್ತಿ’ ಎಂದು ಹೆಸರಿಟ್ಟು, ಪ್ರತ್ಯಕ್ಷ ಅನುಮಾನಾದಿಗಳ ಪಂಕ್ತಿಯಲ್ಲಿ ಅದಕ್ಕೂ ಪ್ರತ್ಯೇಕವಾಗಿ ಒಂದು ಎಲೆ ಹಾಕಿದರು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಇದೂ ಅನುಮಾನದ ಒಂದು ಪ್ರಭೇದವೇ ಸರಿ ಎಂದು ವಾದಿಸಿದರು. ಆ ವ್ಯಾಜ್ಯ ಅವರವರಿಗೇ ಇರಲಿ.

ನಮಗಿಲ್ಲಿ ಬೇಕಾದವನು ದೇವದತ್ತ. ಏಕೆಂದರೆ ತೊಂಬತ್ತು ವರ್ಷಗಳಿಗೂ ಮಿಗಿಲಾಗಿ ಖಗೋಳವಿಜ್ಞಾನಿಗಳು ಇಂಥದೇ ಒಂದು ಕಗ್ಗಂಟಿನೊಡನೆ ಹೆಣಗುತ್ತಿದ್ದಾರೆ. ವಿಶ್ವದಲ್ಲಿರುವ ದ್ರವ್ಯದ ಆರು ಪಾಲುಗಳಲ್ಲಿ ಸುಮಾರು ಐದು ಪಾಲು ಯಾವ ದೂರದರ್ಶಕಕ್ಕೂ ಕಾಣದ, ಬೆಳಕನ್ನು ಬೀರದ, ಬೆಳಕನ್ನು ತಡೆಯದ ಯಾವುದೋ ಒಂದು ವಸ್ತುವಾಗಿದೆಯೆಂದು ಅವರು ಹೇಳುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ‘ಡಾರ್ಕ್ ಮ್ಯಾಟರ್’ ಎನ್ನುವರು. ಕನ್ನಡದಲ್ಲಿ ‘ಕಪ್ಪು ದ್ರವ್ಯ’ ಎಂಬ ಮಾತು ರೂಢಿಗೆ ಬಂದಿದೆ. ಕಾಣದ್ದನ್ನು ಇದೆಯೆಂದು ಸಾರುವುದು ವಿಜ್ಞಾನವೆ ಎಂದು ತರಗತಿಯಲ್ಲಿ ಚುರುಕಾದ ಹುಡುಗರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಅದು. ಈ ಬರಹವನ್ನು ಓದಿ ಯಾರಾದರೂ, ‘ನೋಡಿದಿರಾ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು’ ಎಂದು ಹೊರಟರೆ ಮಾತ್ರ ಆ ಪಾಪದಲ್ಲಿ ನನಗೆ ಪಾಲಿಲ್ಲ. ಮೀಮಾಂಸಕರಿಗೆ ಗೊತ್ತಿದ್ದುದು ವಾದದ ಒಂದು ಅಚ್ಚು. ಆ ಅಚ್ಚಿನಲ್ಲಿ ಮುಂದೆ ಎಂಥ ಲೋಹವನ್ನು ಎರೆಯುವರೆಂಬುದು ಅವರಿಗೆ ತಿಳಿದಿರಲಿಲ್ಲ, ತಿಳಿದಿರಬೇಕಾಗಿಯೂ ಇರಲಿಲ್ಲ.

ಕಥೆಯ ಮೊದಲ ದೇವದತ್ತನನ್ನು ಕಂಡವನು ಫ್ರಿಟ್ಜ್ ಜ್ವಿಕಿ ಎಂಬ ಸ್ವಿಸ್ ವಿಜ್ಞಾನಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದುಡಿಯುತ್ತಿದ್ದ ಈತ ೧೯೩೩ರಲ್ಲಿ ಕೋಮಾ ಎಂಬ ಗೆಲಾಕ್ಸಿಗಳ ಗೊಂಚಲನ್ನು ಕುರಿತು ಒಂದು ಪ್ರಬಂಧ ಬರೆದ. ಗೆಲಾಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆ ಕೋಟ್ಯನುಕೋಟಿ ನಕ್ಷತ್ರಗಳ ಒಂದೊಂದು ಸಂಸಾರ. ಕೋಮಾ ಗೊಂಚಲಿನಲ್ಲಿ ಇಂಥವು ನೂರಾರು, ಸಾವಿರಾರು ಇವೆ. ಅವು ಒಂದರ ಸುತ್ತ ಒಂದು ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ವೇಗದಲ್ಲಿ ತಿರುಗಾಡುತ್ತಿದ್ದುವು. ಇಷ್ಟು ಬಿರುಸಾಗಿ ಓಡಾಡುವ ಗುಂಪು ಚೆದರಿ ಹೋಗದೆ ಒಟ್ಟಿಗೆ ಇರಬೇಕಾದರೆ ಅದನ್ನು ಹಿಡಿದಿಡುವ ಗುರುತ್ವಾಕರ್ಷಣೆ ಬೇಕು. ಆ ಆಕರ್ಷಣೆಗೆ ತಕ್ಕ ದ್ರವ್ಯವೂ ಬೇಕು. ಜ್ವಿಕಿ ಲೆಕ್ಕಹಾಕಿದಾಗ, ಬೆಳಗುವ ನಕ್ಷತ್ರಗಳೆಲ್ಲವನ್ನೂ ಕೂಡಿಸಿದರೂ ದ್ರವ್ಯವು ಸಾಲದೆ ಹೋಯಿತು. ಅದರ ನಾನೂರರಷ್ಟು ಬೇಕಾಗಿತ್ತು! ಆ ಕಾಲಕ್ಕೆ ಗೆಲಾಕ್ಸಿಗಳ ದೂರದ ಅಳತೆಯೇ ಸರಿಯಾಗಿರಲಿಲ್ಲವಾದ್ದರಿಂದ ಈ ಸಂಖ್ಯೆ ಅತಿಯಾಯಿತು. ಕ್ಷ-ಕಿರಣಗಳ ದೂರದರ್ಶಕಗಳು ಬಂದ ಮೇಲೆ, ಇಂಥ ಗೊಂಚಲುಗಳ ನಡುವಣ ಬಯಲಿನಲ್ಲಿ ನಕ್ಷತ್ರಗಳ ತೂಕವನ್ನು ಮೀರಿಸುವಷ್ಟು ಬಿಸಿ ಅನಿಲ ತುಂಬಿರುವುದೂ ತಿಳಿಯಿತು. ದೇವದತ್ತನು ಹಗಲಿನಲ್ಲೇ ಅಡುಗೆಮನೆಯ ಮೂಲೆಯಲ್ಲಿ ಒಂದಿಷ್ಟು ತಿಂದಿದ್ದನೆಂಬುದು ಬಯಲಾಯಿತೆನ್ನಿ. ಅದನ್ನೆಲ್ಲ ಕಳೆದ ಮೇಲೂ ಕೊರತೆ ಕೊರತೆಯಾಗಿಯೇ ಉಳಿಯಿತು. ಜ್ವಿಕಿಯ ಪ್ರಬಂಧ ಸುಮಾರು ನಾಲ್ಕು ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿತ್ತು. ಆತ ಬಲು ಒರಟು ನಾಲಗೆಯ ಮನುಷ್ಯನಾಗಿದ್ದನೆಂದು ಪ್ರತೀತಿ. ಅವನ ಮಾತಿಗೆ ಕಿವಿಗೊಡದಿರಲು ಜೊತೆಯವರಿಗೆ ಅದೂ ಒಂದು ನೆವವಾಗಿದ್ದೀತು.

ಅದಕ್ಕೆ ಪುನರ್ಜನ್ಮ ಕೊಟ್ಟವರಲ್ಲಿ ಅಗ್ರಗಣ್ಯರು ವೆರಾ ರೂಬಿನ್. ೧೯೨೮ರಲ್ಲಿ ಹುಟ್ಟಿದ ಈ ಮಹಿಳೆಯ ಜೀವನವೇ ಒಂದು ಪ್ರಬಂಧಕ್ಕೆ ವಸ್ತುವಾಗಬಲ್ಲುದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಉನ್ನತ ಖಗೋಳ ತರಗತಿಗಳಿಗೆ ಅವರು ಸೇರಬಯಸಿದರು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆದದ್ದು ೧೯೭೫ರಲ್ಲಿ. ಪಾಲೋಮಾರ್ ಬೆಟ್ಟದ ಪ್ರಸಿದ್ಧ ವೀಕ್ಷಣಾಲಯದಲ್ಲಿ ಅಧಿಕೃತವಾಗಿ ವೀಕ್ಷಣೆಗೆ ಅನುಮತಿ ಪಡೆದ ಮೊದಲ ಮಹಿಳೆ ಅವರೇ. ಅದು ೧೯೬೫ರ ಮಾತು. ಅಲ್ಲಿ ಹೆಂಗಸರಿಗೆ ಶೌಚಗೃಹವಿಲ್ಲವೆಂಬುದು ಒಂದು ಆಕ್ಷೇಪವಾಗಿತ್ತಂತೆ. ರೂಬಿನ್ ಕಾಗದದಲ್ಲಿ ಒಂದು ಲಂಗವನ್ನು ಕತ್ತರಿಸಿ, ಬಾಗಿಲ ಮೇಲಿದ್ದ ಗಂಡಸಿನ ಚಿತ್ರಕ್ಕೆ ಅಂಟಿಸಿಬಿಟ್ಟು, ಈಗ ಹೆಂಗಸರದೂ ಉಂಟು ಎಂದರಂತೆ! ವಾದವನ್ನು ಇಷ್ಟು ಚಿಕ್ಕದಾಗಿ ಮುಗಿಸುವ ಕಲೆ ನಮ್ಮ ಸಭೆಗಳಿಗೂ ಬಂದರೆ ಎಷ್ಟು ಚೆನ್ನು.

ರೂಬಿನ್ ಹಾಗೂ ಅವರ ಸಹೋದ್ಯೋಗಿ ಕೆಂಟ್ ಫೋರ್ಡ್ ಅಳೆದದ್ದು ಒಂದೊಂದೇ ಗೆಲಾಕ್ಸಿ ತನ್ನಷ್ಟಕ್ಕೆ ತಿರುಗುವ ವೇಗವನ್ನು. ಇದರ ಮಹತ್ವ ತಿಳಿಯಬೇಕಾದರೆ ಮೊದಲು ನಮ್ಮ ಸೂರ್ಯನ ಮನೆಯನ್ನು ನೋಡಬೇಕು. ಸೂರ್ಯನಿಗೆ ಹತ್ತಿರದ ಬುಧನು ಸೆಕೆಂಡಿಗೆ ಸುಮಾರು ೪೭ ಕಿಲೋಮೀಟರ್ ಓಡುತ್ತಾನೆ; ನಮ್ಮ ಭೂಮಿ ೩೦; ದೂರದ ನೆಪ್ಚೂನ್ ಐದೂವರೆಗಿಂತಲೂ ಕಡಮೆ. ತೂಕವೆಲ್ಲ ನಡುವೆ ಸೂರ್ಯನಲ್ಲಿ ಕೂಡಿಕೊಂಡಿರುವುದರಿಂದ ದೂರ ಹೋದಂತೆ ಹಿಡಿತ ಸಡಿಲುತ್ತದೆ, ನಡೆ ನಿಧಾನವಾಗುತ್ತದೆ. ಗೆಲಾಕ್ಸಿಯಲ್ಲಿಯೂ ಬೆಳಕು ದಟ್ಟವಾಗಿರುವುದು ನಡುವೆ. ಅಂಚಿಗೆ ಹೋದಂತೆ ನಕ್ಷತ್ರಗಳು ವಿರಳ. ಆದುದರಿಂದ ಅಂಚಿನ ನಕ್ಷತ್ರಗಳು ಮೆಲ್ಲಗೆ ನಡೆಯಬೇಕಾದುದು ನ್ಯಾಯ. ನಾವು ದೇವಯಾನಿ ಎಂದು ಕರೆಯುವ ಆಂಡ್ರೊಮಿಡ ಗೆಲಾಕ್ಸಿಯನ್ನು ಅಳೆದು ಅವರು ೧೯೭೦ರಲ್ಲಿ ಪ್ರಕಟಿಸಿದ ಫಲಿತಾಂಶ ಈ ನ್ಯಾಯಕ್ಕೆ ಒಗ್ಗಲಿಲ್ಲ. ಅಂಚಿನವೂ ಒಳಗಿನವುಗಳಷ್ಟೇ ಬಿರುಸು. ಒಂದು ಗೆಲಾಕ್ಸಿ ಹೀಗಾದರೆ ಅದರ ಸ್ವಭಾವ ಎನ್ನಬಹುದು. ೧೯೮೦ರಲ್ಲಿ ಇಪ್ಪತ್ತೊಂದು ಗೆಲಾಕ್ಸಿಗಳ ಲೆಕ್ಕ ಹೊರಬಿತ್ತು; ಎಲ್ಲವುಗಳದೂ ಇದೇ ನಡತೆ. ರೇಡಿಯೋ ದೂರದರ್ಶಕಗಳಿಂದ ನೋಡಿದವರೂ, ನಕ್ಷತ್ರಗಳೇ ಇಲ್ಲದಷ್ಟು ಹೊರಗೆ ಹರಡಿದ ಜಲಜನಕದ ಅನಿಲ ಇಷ್ಟೇ ವೇಗದಿಂದ ಸುತ್ತುತ್ತಿರುವುದನ್ನು ಕಂಡರು. ಕಾಣುವ ತಟ್ಟೆಯಾಕಾರದ ಗೆಲಾಕ್ಸಿಯನ್ನು ಅದಕ್ಕಿಂತ ಎಷ್ಟೋ ದೊಡ್ಡದಾದ, ಕಾಣದ ದ್ರವ್ಯದ ಗೋಳವೊಂದು ಒಡಲಲ್ಲಿಟ್ಟುಕೊಂಡಿದೆ ಎಂದರಲ್ಲದೆ ಲೆಕ್ಕ ಕೂಡುವಂತಿರಲಿಲ್ಲ. ರೂಬಿನ್ ೨೦೧೬ರ ಡಿಸೆಂಬರಿನಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನ ಅವರಿಗೆ ಬರಲಿಲ್ಲ. ಚಿಲಿ ದೇಶದ ಬೆಟ್ಟದ ಮೇಲೆ ಕಟ್ಟಿದ ಹೊಸ ವೀಕ್ಷಣಾಲಯಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಅಲ್ಲಿಂದ ಮೊದಲ ಚಿತ್ರಗಳು ೨೦೨೫ರಲ್ಲಿ ಬಂದುವು.

ಕನ್ನಡ ಪಾಠ ಹೇಳುವವನ ಚಪಲ. ಇಲ್ಲಿ ಹೆಸರಿನ ವಿಷಯದಲ್ಲಿ ಒಂದು ಮಾತು. ‘ಕಪ್ಪು’ ಎಂಬ ವಿಶೇಷಣ ಈ ದ್ರವ್ಯಕ್ಕೆ ಸಲ್ಲದು. ಕಪ್ಪೆಂದರೆ ಬೆಳಕನ್ನು ನುಂಗುವಂಥದು. ಕಾಡಿಗೆ, ಇದ್ದಲು, ಕಾರ್ಮುಗಿಲು ಇವು ಕಪ್ಪು. ಅವು ಹಿಂದಿರುವುದನ್ನು ಮರೆಮಾಡಿ ತಮ್ಮ ಇರವನ್ನು ಸಾರಿಕೊಳ್ಳುತ್ತವೆ. ನಾವು ಮಾತನಾಡುತ್ತಿರುವ ದ್ರವ್ಯ ಬೆಳಕನ್ನು ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ಬೆಳಕು ಅದರೊಳಗಿನಿಂದ ನಿರಾತಂಕವಾಗಿ ಹಾದುಹೋಗುತ್ತದೆ. ‘ಪಾರದರ್ಶಕ’ವೆಂದರೂ ಪೂರ್ತಿ ಸಾಲದು, ಗಾಜಾದರೂ ಒಂದಿಷ್ಟು ಹೊಳೆಯುತ್ತದೆ. ನನಗೆ ತೋರುವಂತೆ ಇದಕ್ಕೆ ಹತ್ತಿರವಾದ ಭಾವನೆ ವ್ಯಾಕರಣದ ‘ಲೋಪ’. ಪಾಣಿನಿಯು ಲೋಪವನ್ನು ‘ಇಲ್ಲದಿರುವಿಕೆ’ ಎಂದು ಹೇಳಲಿಲ್ಲ, ‘ಕಾಣದಿರುವಿಕೆ’ ಎಂದು ಹೇಳಿದ. ‘ರಾಜನ್’ ಎಂಬ ಸಂಸ್ಕೃತ ಪ್ರಾತಿಪದಿಕ ಪ್ರಥಮಾವಿಭಕ್ತಿಯಲ್ಲಿ ‘ರಾಜಾ’ ಎಂದಾಗುವುದಷ್ಟೆ. ಅಲ್ಲಿ ವಿಭಕ್ತಿಪ್ರತ್ಯಯ ಕಿವಿಗೆ ಕೇಳದು, ಆದರೆ ಸ್ವರ ದೀರ್ಘವಾಗಿರುವುದು ಆ ಪ್ರತ್ಯಯದ ಕೆಲಸ. ತಾನು ಮರೆಯಾದರೂ ತನ್ನ ಕಾರ್ಯವನ್ನು ಉಳಿಸಿಹೋಗಿದೆ. ಹಾಗೆಂದು ‘ಲುಪ್ತದ್ರವ್ಯ’ವೆಂಬ ಹೊಸ ಹೆಸರನ್ನು ಸೂಚಿಸಿ ಪಾರಿಭಾಷಿಕ ಪದಗಳ ರಾಶಿಗೆ ಇನ್ನೊಂದು ಬುಟ್ಟಿ ಸೇರಿಸುವ ಆಸೆ ನನಗಿಲ್ಲ. ರೂಢಿಯಾದ ಹೆಸರೇ ಇರಲಿ; ಅದು ಬಣ್ಣದ ಮಾತಲ್ಲವೆಂಬುದು ನೆನಪಿದ್ದರಾಯಿತು.

ಇನ್ನು ಆಕ್ಷೇಪ. ದೇವದತ್ತನ ವಿಷಯದಲ್ಲಿ ಮೀಮಾಂಸಕರು ಎದುರಿಸದೆ ಬಿಟ್ಟ ಒಂದು ದಾರಿಯುಂಟು. ಉಣ್ಣದೆ ಯಾರೂ ದಪ್ಪಗಾಗುವುದಿಲ್ಲವೆಂಬ ನಮ್ಮ ನಿಯಮವೇ ತಪ್ಪಾಗಿದ್ದರೆ? ಆಗ ರಾತ್ರಿಯೂಟವನ್ನು ಕಲ್ಪಿಸಬೇಕಾಗಿಯೇ ಇಲ್ಲ. ಖಗೋಳವಿಜ್ಞಾನಕ್ಕೆ ಈ ಪ್ರಶ್ನೆ ಹೊಸದಲ್ಲ. ಯುರೇನಸ್ ಗ್ರಹ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತಿಲ್ಲವೆಂದು ತಿಳಿದಾಗ, ಆಚೆಯಲ್ಲಿ ಕಾಣದ ಗ್ರಹವೊಂದು ಅದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರ್ಯೆ ಗಣಿತದಿಂದಲೇ ಅದರ ಸ್ಥಾನವನ್ನು ಹೇಳಿದ. ೧೮೪೬ರ ಸೆಪ್ಟೆಂಬರ್ ೨೩ರ ರಾತ್ರಿ ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲೆ ದೂರದರ್ಶಕವನ್ನು ತಿರುಗಿಸಿದಾಗ, ಹೇಳಿದ ಸ್ಥಳದಿಂದ ಒಂದು ಡಿಗ್ರಿಯೂ ಆಚೀಚೆಯಾಗದಂತೆ ನೆಪ್ಚೂನ್ ಸಿಕ್ಕಿತು. ಅರ್ಥಾಪತ್ತಿಗೆ ಇದಕ್ಕಿಂತ ಸೊಗಸಾದ ವಿಜಯ ಬೇಕೆ? ಅದೇ ಲವೆರ್ಯೆ ಬುಧಗ್ರಹದ ಕಕ್ಷೆಯಲ್ಲಿಯೂ ಒಂದು ಸಣ್ಣ ತಪ್ಪುನಡೆಯನ್ನು ೧೮೫೯ರಲ್ಲಿ ಕಂಡು, ಅದೇ ಮದ್ದನ್ನು ಅರೆದ: ಸೂರ್ಯನಿಗೂ ಬುಧನಿಗೂ ನಡುವೆ ಇನ್ನೊಂದು ಗ್ರಹವಿರಬೇಕು. ಅದಕ್ಕೆ ‘ವಲ್ಕನ್’ ಎಂದು ನಾಮಕರಣವೂ ಆಯಿತು. ಕಂಡೆವೆಂದು ಹೇಳುವವರೂ ಹುಟ್ಟಿಕೊಂಡರು. ಇಲ್ಲದ ಗ್ರಹವನ್ನು ಜನ ಅರ್ಧ ಶತಮಾನ ಹುಡುಕಿದರು. ೧೯೧೫ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಬರೆದಾಗ ಬುಧನ ನಡೆ ತಾನಾಗಿ ಸರಿಹೋಯಿತು. ಒಬ್ಬನೇ ವಿದ್ವಾಂಸ, ಒಂದೇ ಬಗೆಯ ವಾದ. ಒಮ್ಮೆ ಗ್ರಹ ಸಿಕ್ಕಿತು, ಇನ್ನೊಮ್ಮೆ ನಿಯಮ ಮುರಿಯಿತು. ಮುಂದಾಗಿ ಯಾವುದು ಯಾವುದೆಂದು ತಿಳಿಯುವುದಕ್ಕೆ ಲವೆರ್ಯೆಯ ಬಳಿ ಯಾವ ಒರೆಗಲ್ಲೂ ಇರಲಿಲ್ಲ.

ಇಸ್ರೇಲಿನ ಮಿಲ್‌ಗ್ರೋಮ್ ೧೯೮೩ರಲ್ಲಿ ಎರಡನೆಯ ದಾರಿಯನ್ನು ಹಿಡಿದ. ಗುರುತ್ವದ ಸೆಳೆತ ತೀರ ದುರ್ಬಲವಾಗಿರುವ ಕಡೆ, ಎಂದರೆ ಗೆಲಾಕ್ಸಿಗಳ ಅಂಚಿನಲ್ಲಿ, ನ್ಯೂಟನ್ನನ ನಿಯಮವೇ ಬದಲಾಗುತ್ತದೆ; ಕಪ್ಪು ದ್ರವ್ಯವೆಂಬುದು ಇಲ್ಲ ಎಂಬುದು ಅವನ ವಾದ. ಇದನ್ನು ಹುಚ್ಚೆಂದು ತಳ್ಳಿಹಾಕುವವರು ತಿಳಿಯದವರು. ಒಂದೇ ಒಂದು ಹೊಸ ಸಂಖ್ಯೆಯನ್ನು ಸೇರಿಸಿ, ನೂರಾರು ಗೆಲಾಕ್ಸಿಗಳ ತಿರುಗುವೇಗವನ್ನು ಕೇವಲ ಅವುಗಳ ಕಾಣುವ ದ್ರವ್ಯದಿಂದ ಈ ಸೂತ್ರ ಹೇಳಿಬಿಡುತ್ತದೆ. ಕಪ್ಪು ದ್ರವ್ಯದ ಪಕ್ಷದವರು ಗೆಲಾಕ್ಸಿಗೊಂದರಂತೆ ಗೋಳಗಳನ್ನು ಹೊಂದಿಸುತ್ತ ಕೂಡಬೇಕಾದ ಕಡೆ ಇದು ಸಣ್ಣ ಸಾಧನೆಯಲ್ಲ. ಕಾವ್ಯವಾಗಿದ್ದರೆ ನಾನು ಮಿಲ್‌ಗ್ರೋಮನ ಕಡೆಗೇ ವಾಲುತ್ತಿದ್ದೆನೇನೊ. ಮಿತವ್ಯಯ ಅವನದು.

ಆದರೂ ವಾಲದಿರಲು ಕಾರಣಗಳುಂಟು. ಎರಡು ಗೆಲಾಕ್ಸಿ ಗೊಂಚಲುಗಳು ಡಿಕ್ಕಿ ಹೊಡೆದು ಒಂದರೊಳಗಿನಿಂದ ಒಂದು ಹಾದುಹೋದ ಸ್ಥಳವೊಂದು ಸುಮಾರು ೩೭೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಆಕಾರದಿಂದ ಅದನ್ನು ‘ಬುಲೆಟ್ ಗೊಂಚಲು’ ಎನ್ನುತ್ತಾರೆ. ಡಿಕ್ಕಿಯಲ್ಲಿ ಎರಡರ ಬಿಸಿ ಅನಿಲಗಳು ಒಂದಕ್ಕೊಂದು ಉಜ್ಜಿ, ತಡವರಿಸಿ, ನಡುವೆ ಹಿಂದುಳಿದುವು. ಗೆಲಾಕ್ಸಿಗಳು ವಿರಳವಾಗಿರುವುದರಿಂದ ಅಡ್ಡಿಯಿಲ್ಲದೆ ಮುಂದೆ ಸಾಗಿದುವು. ಕಾಣುವ ದ್ರವ್ಯದ ಬಹುಪಾಲು ಇರುವುದು ಅನಿಲದಲ್ಲಿ. ಆದುದರಿಂದ ಕಪ್ಪು ದ್ರವ್ಯ ಸುಳ್ಳಾಗಿದ್ದರೆ ಸೆಳೆತವೂ ನಡುವಣ ಅನಿಲದ ಬಳಿ ಹೆಚ್ಚಾಗಿರಬೇಕು. ಹಿಂದಿನ ಗೆಲಾಕ್ಸಿಗಳ ಬೆಳಕು ಎಲ್ಲಿ ಎಷ್ಟು ಬಾಗಿದೆಯೆಂದು ನೋಡಿ ಸೆಳೆತದ ನಕ್ಷೆಯನ್ನು ಬರೆಯುವುದು ಸಾಧ್ಯ. ೨೦೦೬ರಲ್ಲಿ ಹಾಗೆ ಬರೆದ ನಕ್ಷೆಯಲ್ಲಿ ತೂಕ ಕಂಡುಬಂದುದು ಅನಿಲದ ಬಳಿಯಲ್ಲಲ್ಲ. ಅದು ಗೆಲಾಕ್ಸಿಗಳೊಡನೆ ಮುಂದೆ ಸಾಗಿಹೋಗಿತ್ತು. ದೇವದತ್ತ ಒಂದು ಕಡೆ, ಅವನ ಊಟದ ಗಂಟು ಇನ್ನೊಂದು ಕಡೆ ಬಿದ್ದಿರುವುದು ಸಿಕ್ಕಿತೆನ್ನಬಹುದು. ಬರಿಯ ನಿಯಮವನ್ನು ತಿದ್ದಿದವರಿಗೆ ಇದನ್ನು ಬಿಡಿಸಿ ಹೇಳುವುದು ಬಲು ಕಷ್ಟವಾಗಿದೆ. ಇಂಥ ಗೊಂಚಲುಗಳಲ್ಲಿ ಮಿಲ್‌ಗ್ರೋಮನ ಸೂತ್ರಕ್ಕೂ ಒಂದಿಷ್ಟು ಕಾಣದ ದ್ರವ್ಯದ ಸಾಲ ಬೇಕಾಗುತ್ತದೆ.

ಇನ್ನೊಂದು ಸಾಕ್ಷ್ಯ ಬಹು ಹಳೆಯದು. ವಿಶ್ವವು ಹುಟ್ಟಿ ಸುಮಾರು ೩ ಲಕ್ಷ ೮೦ ಸಾವಿರ ವರ್ಷಗಳಾದಾಗ ಹೊರಟ ಬೆಳಕು ಈಗಲೂ ಸೂಕ್ಷ್ಮತರಂಗಗಳಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದರಲ್ಲಿ ಲಕ್ಷದಲ್ಲೊಂದು ಪಾಲಿನಷ್ಟು ಏರಿಳಿತಗಳಿವೆ. ಆ ಏರಿಳಿತಗಳ ವಿನ್ಯಾಸದಿಂದ ಅಂದು ಯಾವ ದ್ರವ್ಯ ಎಷ್ಟಿತ್ತೆಂದು ತೂಗಬಹುದು. ಪ್ಲಾಂಕ್ ಎಂಬ ಉಪಗ್ರಹದ ೨೦೧೮ರ ಲೆಕ್ಕದ ಪ್ರಕಾರ ವಿಶ್ವದ ಸರ್ವಸ್ವದಲ್ಲಿ ನಮ್ಮ ನಿಮ್ಮಂಥ ದ್ರವ್ಯ ನೂರಕ್ಕೆ ಸುಮಾರು ೫, ಕಪ್ಪು ದ್ರವ್ಯ ಸುಮಾರು ೨೭. ಉಳಿದದ್ದು ಕಪ್ಪು ಶಕ್ತಿ. ಅದು ಬೇರೆಯೇ ಕಥೆ. ಗೆಲಾಕ್ಸಿಗಳ ತಿರುಗಾಟಕ್ಕೂ ಈ ಹಳೆಯ ಬೆಳಕಿಗೂ ನೇರವಾಗಿ ಯಾವ ನಂಟೂ ಇಲ್ಲ. ಆದರೂ ಎರಡೂ ಬೇಡುವುದು ಒಂದೇ ವಸ್ತುವನ್ನು. ಅಷ್ಟೇ ಅಲ್ಲ, ಆ ವಸ್ತು ಮೊದಲು ಅಲ್ಲಲ್ಲಿ ಗಡ್ಡೆಕಟ್ಟಿಕೊಂಡು ಸಾಮಾನ್ಯ ದ್ರವ್ಯವನ್ನು ತನ್ನೆಡೆಗೆ ಎಳೆದುಕೊಂಡಿರದಿದ್ದರೆ ೧೩೮೦ ಕೋಟಿ ವರ್ಷಗಳಲ್ಲಿ ಈಗಿನಷ್ಟು ಗೆಲಾಕ್ಸಿಗಳು ರೂಪುಗೊಳ್ಳುವುದೇ ಸಾಧ್ಯವಿರಲಿಲ್ಲ. ಕಪ್ಪು ದ್ರವ್ಯವಿಲ್ಲದೆ ಆಕಾಶಗಂಗೆಯಿಲ್ಲ, ಸೂರ್ಯನಿಲ್ಲ, ಈ ಭಾನುವಾರದ ಪುಟವೂ ಇಲ್ಲ. ವಲ್ಕನ್ ಗ್ರಹಕ್ಕೆ ಇದ್ದದ್ದು ಒಂದೇ ಸಾಕ್ಷಿ. ಇದಕ್ಕೆ ಪರಸ್ಪರ ಪರಿಚಯವಿಲ್ಲದ ನಾಲ್ಕಾರು ಸಾಕ್ಷಿಗಳು. ನನ್ನ ಒಲವಿಗೆ ಮುಖ್ಯ ಕಾರಣ ಇದೇ.

ಇಷ್ಟಾದರೂ ಅರ್ಥಾಪತ್ತಿಯ ಮಿತಿಯೊಂದು ಉಳಿಯುತ್ತದೆ. ದೇವದತ್ತನು ರಾತ್ರಿ ಉಣ್ಣುತ್ತಾನೆಂದು ಅದು ಹೇಳಿತು. ಏನನ್ನು ಉಣ್ಣುತ್ತಾನೆ? ಅನ್ನವನ್ನೆ, ಮುದ್ದೆಯನ್ನೆ, ಹೋಳಿಗೆಯನ್ನೆ? ಅದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಇರವು ತಿಳಿಯಿತು, ಸ್ವರೂಪ ತಿಳಿಯಲಿಲ್ಲ. ಕಪ್ಪು ದ್ರವ್ಯದ ಸ್ವರೂಪವನ್ನು ಕುರಿತ ಊಹೆಗಳಿಗೆ ಈಗ ಬರವಿಲ್ಲ. ಮೊದಲಿಗೆ ಎಲ್ಲರ ಮನಸ್ಸಿಗೂ ಹೊಳೆದದ್ದು ಸಾಮಾನ್ಯ ವಸ್ತುಗಳೇ: ಬೆಳಗಲಾರದ ಕಿರುನಕ್ಷತ್ರಗಳು, ಆರಿದ ನಕ್ಷತ್ರಗಳ ಕಳೇಬರಗಳು. ಇಂಥದೊಂದು ದೂರದ ನಕ್ಷತ್ರದ ಮುಂದೆ ಹಾದುಹೋದಾಗ ಆ ನಕ್ಷತ್ರದ ಬೆಳಕು ಕೆಲಕಾಲ ಹಿಗ್ಗಬೇಕು. ೧೯೯೦ರ ದಶಕದಲ್ಲಿ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾದು ನೋಡಿದರು; ಹಿಗ್ಗಿದವು ತೀರ ಕೆಲವು. ಬಹುಪಾಲನ್ನು ಇವು ತುಂಬಲಾರವೆಂದಾಯಿತು. ಬಳಿಕ ನ್ಯೂಟ್ರಿನೋಗಳ ಸರದಿ. ಅವು ಹೇರಳವಾಗಿವೆ, ಕಾಣುವುದೂ ಇಲ್ಲ. ಆದರೆ ತೀರ ಹಗುರ, ತೀರ ವೇಗ. ಅಂಥ ಚಂಚಲ ಕಣಗಳು ಒಂದೆಡೆ ನೆಲೆನಿಂತು ಗೆಲಾಕ್ಸಿಗಳಿಗೆ ಬುನಾದಿ ಹಾಕಲಾರವು. ಆದಿಯಲ್ಲಿಯೇ ಹುಟ್ಟಿದ ಕಿರುಗಾತ್ರದ ಕಪ್ಪುಕುಳಿಗಳೆಂಬ ಊಹೆಯನ್ನು ಇಂದೂ ಕೆಲವರು ಹಿಡಿದಿದ್ದಾರೆ.

ದೀರ್ಘಕಾಲ ಮೆರೆದ ಊಹೆಯೆಂದರೆ ‘ವಿಂಪ್’ ಎಂದು ಸಂಕ್ಷೇಪವಾಗಿ ಕರೆಯುವ, ಪ್ರೋಟಾನಿಗಿಂತ ಹತ್ತಾರು ನೂರಾರು ಪಟ್ಟು ಭಾರವಾದ, ಸಾಮಾನ್ಯ ದ್ರವ್ಯದೊಡನೆ ಅಪರೂಪಕ್ಕೊಮ್ಮೆ ಮಾತ್ರ ತಾಗುವ ಕಣ. ಇನ್ನೊಂದು ‘ಆಕ್ಸಿಯಾನ್’, ಎಲೆಕ್ಟ್ರಾನಿಗಿಂತಲೂ ಕೋಟ್ಯಂಶ ಹಗುರ. ಕಣಶಾಸ್ತ್ರದ ಒಂದು ಕೊಳೆಯನ್ನು ತೊಳೆಯುವ ಸಲುವಾಗಿ ಕಲ್ಪಿತವಾದುದರಿಂದ ಅಮೆರಿಕದ ವಿಲ್ಚೆಕ್ ಅದಕ್ಕೆ ಅಲ್ಲಿನ ಬಟ್ಟೆಸೋಪಿನ ಪುಡಿಯೊಂದರ ಹೆಸರನ್ನೇ ಇಟ್ಟುಬಿಟ್ಟ! ನಾಮಕರಣದಲ್ಲಿ ವಿಜ್ಞಾನಿಗಳು ನಮ್ಮಷ್ಟು ಗಂಭೀರರಲ್ಲ. ಅದೂ ಒಂದು ಆರೋಗ್ಯವೇ.

ಊಹೆ ಎಷ್ಟೇ ಇರಲಿ, ಪ್ರತ್ಯಕ್ಷಕ್ಕಾಗಿ ಹಂಬಲಿಸದ ಪ್ರಮಾಣವಿಲ್ಲ. ಸೂರ್ಯನು ನಮ್ಮನ್ನೆಲ್ಲ ಕಟ್ಟಿಕೊಂಡು ಆಕಾಶಗಂಗೆಯ ನಡುವನ್ನು ಸೆಕೆಂಡಿಗೆ ೨೨೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಸುತ್ತುತ್ತಿದ್ದಾನೆ. ಆದುದರಿಂದ ಕಪ್ಪು ದ್ರವ್ಯ ಕಣಗಳಾಗಿದ್ದರೆ ಅವು ಈ ಕ್ಷಣದಲ್ಲಿಯೂ ಗಾಳಿಯಂತೆ ನಮ್ಮನ್ನು ಹಾದುಹೋಗುತ್ತಿರಬೇಕು. ನಮ್ಮ ಸುತ್ತಿನ ಸಾಂದ್ರತೆಯನ್ನು ಅಂದಾಜುಮಾಡಿದ್ದಾರೆ. ಅದರಂತೆ ಲೆಕ್ಕ ಹಾಕಿದರೆ, ಇಡೀ ಭೂಗೋಳದಷ್ಟು ಜಾಗದಲ್ಲಿ ಒಂದು ಗಳಿಗೆಯಲ್ಲಿ ಇರಬಹುದಾದ ಕಪ್ಪು ದ್ರವ್ಯದ ತೂಕ ಅರ್ಧ ಮುಕ್ಕಾಲು ಕಿಲೋಗ್ರಾಂ ಅಷ್ಟೆ! ಇಷ್ಟು ತೆಳುವಾದುದು ಗೆಲಾಕ್ಸಿಗಳನ್ನು ಆಳುವುದು ಹೇಗೆ ಎಂದರೆ, ನಮ್ಮ ದ್ರವ್ಯ ಅಲ್ಲೊಂದು ಇಲ್ಲೊಂದು ಗಂಟಾಗಿ ಕೂಡಿದೆ. ಅದು ನಡುವಣ ಅಪಾರವಾದ ಬಯಲನ್ನೆಲ್ಲ ತುಂಬಿದೆ.

ಇಂಥದನ್ನು ಹಿಡಿಯುವುದಕ್ಕೆ ಹೋಗಬೇಕಾದುದು ಬೆಟ್ಟದ ತುದಿಗಲ್ಲ, ನೆಲದ ಆಳಕ್ಕೆ. ಮೇಲಿನಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಬಂಡೆಗಳು ಸೋಸಬೇಕು. ಅಮೆರಿಕದ ದಕ್ಷಿಣ ಡಕೋಟದಲ್ಲಿ ಮುಚ್ಚಿದ ಚಿನ್ನದ ಗಣಿಯೊಂದರೊಳಗೆ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಹತ್ತು ಟನ್ ದ್ರವರೂಪದ ಕ್ಸೆನಾನ್ ತುಂಬಿದ ಪಾತ್ರೆಯನ್ನಿಟ್ಟು ಕಾಯುತ್ತಿದ್ದಾರೆ. ಒಂದು ವಿಂಪ್ ಒಂದು ಪರಮಾಣುವನ್ನು ತಾಗಿದರೆ ಮಿಣುಕೊಂದು ಹೊಮ್ಮಬೇಕು. ೨೦೨೪ರ ಆಗಸ್ಟಿನಲ್ಲಿ ೨೮೦ ದಿನಗಳ ಕಾಯುವಿಕೆಯ ಫಲವನ್ನು ಪ್ರಕಟಿಸಿದರು: ಏನೂ ಇಲ್ಲ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಒಂದು ತಂಡ ಮಾತ್ರ ಬಹುಕಾಲದಿಂದ, ಭೂಮಿಯ ನಡೆ ಸೂರ್ಯನ ನಡೆಗೆ ಕೂಡುವ ಜೂನ್ ತಿಂಗಳಲ್ಲಿ ತಮ್ಮ ಮಿಣುಕುಗಳು ಹೆಚ್ಚುತ್ತವೆಂದು ಹೇಳುತ್ತಿದೆ. ಅದೇ ಬಗೆಯ ಹರಳುಗಳನ್ನಿಟ್ಟು ಸ್ಪೇನಿನಲ್ಲಿಯೂ ಕೊರಿಯದಲ್ಲಿಯೂ ನೋಡಿದವರಿಗೆ ಅದು ಕಾಣಲಿಲ್ಲ. ಒಬ್ಬರಿಗೇ ಕಾಣುವ ದರ್ಶನಗಳಿಗೆ ಸಾಹಿತ್ಯದಲ್ಲಿ ಮಾನ್ಯತೆಯುಂಟು, ಪ್ರಯೋಗಶಾಲೆಯಲ್ಲಿಲ್ಲ.

ಗಣಿಯ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗಬೇಕಾದುದು ನಮ್ಮ ಕೋಲಾರ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ೨೩೦೦ ಮೀಟರುಗಳಷ್ಟು ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು ಜಪಾನಿನ ಒಸಾಕ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರೊಡನೆ ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಪತ್ತೆಮಾಡಿದರು. ಜಗತ್ತಿನಲ್ಲಿ ಅದೇ ಮೊದಲು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇನ್ನೊಂದು ತಂಡ ಅದೇ ಕಾಲಕ್ಕೆ ಅದನ್ನೇ ಕಂಡಿತ್ತು. ನ್ಯೂಟ್ರಿನೋ ಕೂಡ ಅರ್ಥಾಪತ್ತಿಯ ಕೂಸೇ ಎಂಬುದು ಇಲ್ಲಿ ಗಮನಾರ್ಹ. ಪರಮಾಣುವಿನ ಒಂದು ಬಗೆಯ ವಿಘಟನೆಯಲ್ಲಿ ಶಕ್ತಿಯ ಲೆಕ್ಕ ಕೂಡದೆ ಹೋದಾಗ, ಶಕ್ತಿಸಂರಕ್ಷಣೆಯ ನಿಯಮವನ್ನೇ ಬಿಟ್ಟುಕೊಡಲು ನೀಲ್ಸ್ ಬೋರನಂಥವನು ಸಿದ್ಧನಾಗಿದ್ದ. ಕಾಣದ ಕಣವೊಂದು ಕಳ್ಳತನದಿಂದ ಅದನ್ನು ಹೊತ್ತೊಯ್ಯುತ್ತಿದೆ ಎಂದು ೧೯೩೦ರಲ್ಲಿ ಪೌಲಿ ಹೇಳಿದ. ಕಣ ಸಿಕ್ಕಿದ್ದು ೧೯೫೬ರಲ್ಲಿ. ಇಪ್ಪತ್ತಾರು ವರ್ಷಗಳ ಕಾಯುವಿಕೆ. ಆಗ ಅಷ್ಟು ದುರ್ಲಭವಾಗಿದ್ದ ನ್ಯೂಟ್ರಿನೋಗಳು ಈಗ ಕಪ್ಪು ದ್ರವ್ಯವನ್ನು ಹುಡುಕುವವರಿಗೆ ಉಪದ್ರವವಾಗಿವೆ. ಸೂರ್ಯನಿಂದ ಬರುವ ನ್ಯೂಟ್ರಿನೋಗಳ ಸುಳಿವು ೨೦೨೪ರಲ್ಲಿ ಇಟಲಿಯ ಮತ್ತು ಚೀನದ ಕ್ಸೆನಾನ್ ಪಾತ್ರೆಗಳಲ್ಲಿ ಸಿಕ್ಕಿತು. ಪಾತ್ರೆ ದೊಡ್ಡದಾದಷ್ಟೂ ವಿಂಪಿನ ಮಿಣುಕು ಈ ಮಂಜಿನಲ್ಲಿ ಮುಚ್ಚಿಹೋಗುವ ಭಯವಿದೆ.

ಕೋಲಾರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ಗಣಿಯ ಉಪಕರಣಗಳಲ್ಲಿ ಕೆಲವೇ ಕೆಲವು ವಿಚಿತ್ರ ಘಟನೆಗಳು ದಾಖಲಾಗಿದ್ದುವು; ೧೯೭೫ರಲ್ಲಿ ಅವುಗಳ ವರದಿ ಬಂತು. ನ್ಯೂಟ್ರಿನೋ ತಾಗಿದ್ದರೆ ಕಣಗಳ ಜಾಡು ಸುತ್ತಲಿನ ಬಂಡೆಯಿಂದ ಹೊರಡಬೇಕು. ಇವುಗಳಲ್ಲಿ ಎರಡು ಮೂರು ಜಾಡುಗಳು ಬಂಡೆಯನ್ನು ಬಿಟ್ಟು ಈಚೆ, ಬರಿಯ ಗಾಳಿಯಿರುವೆಡೆಯ ಒಂದು ಬಿಂದುವಿನಿಂದ ಕವಲೊಡೆದಂತಿದ್ದುವು;

ಯಾವುದೋ ಕಾಣದ ಕಣ ಅಲ್ಲಿಗೆ ಬಂದು ಒಡೆದುಹೋದಂತೆ. ಹೊರದೇಶಗಳ ಕಣವೇಗವರ್ಧಕಗಳಲ್ಲಿ ಹುಡುಕಿದರೂ ಅಂಥದು ಮತ್ತೆ ಸಿಕ್ಕಲಿಲ್ಲ. ‘ಕೋಲಾರದ ಘಟನೆಗಳು’ ಎಂಬ ಹೆಸರಷ್ಟೇ ಉಳಿದು, ಮಿಕ್ಕದ್ದು ಮರೆವಿಗೆ ಸಂದಿತು. ೨೦೧೪ರಲ್ಲಿ ಚೆನ್ನೈಯ ಗಣಿತವಿಜ್ಞಾನ ಸಂಸ್ಥೆಯ ಮೂರ್ತಿ ಮತ್ತು ರಾಜಶೇಖರನ್ ಎಂಬ ಇಬ್ಬರು ವಿದ್ವಾಂಸರು ಅವನ್ನು ಮತ್ತೆ ಕೈಗೆತ್ತಿಕೊಂಡು, ಒಡೆದುಹೋದ ಆ ಕಣಗಳು ಕಪ್ಪು ದ್ರವ್ಯದ ಕಣಗಳೇ ಆಗಿರಬಾರದೇಕೆ ಎಂದು ಕೇಳಿದರು. ಬೆಂಗಳೂರಿನಿಂದ ಪ್ರಕಟವಾಗುವ ‘ಪ್ರಮಾಣ’ ಎಂಬ ವಿಜ್ಞಾನಪತ್ರಿಕೆಯಲ್ಲಿ ಆ ಲೇಖನ ಬಂದಿತು. ಪತ್ರಿಕೆಯ ಹೆಸರನ್ನು ಕಂಡರೆ ಮೀಮಾಂಸಕರು ಮೆಚ್ಚುತ್ತಿದ್ದರು. ಶೀರ್ಷಿಕೆಯ ಕೊನೆಯಲ್ಲಿ ಅವರು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದಾರೆ. ಅದನ್ನು ಅಳಿಸುವಷ್ಟು ಸಾಕ್ಷ್ಯ ಇಂದಿನವರೆಗೆ ಯಾರ ಕೈಗೂ ಬಂದಿಲ್ಲ. ಬೆರಳೆಣಿಕೆಯ ಘಟನೆಗಳಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವ ಧೈರ್ಯ ನನಗಂತೂ ಇಲ್ಲ. ಅದನ್ನು ಪರೀಕ್ಷಿಸಲು ಬೇಕಾದುದು ಅಂಥದೇ ಆಳದಲ್ಲಿ, ಅದಕ್ಕಿಂತ ದೊಡ್ಡ ಉಪಕರಣ. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೋ ವೀಕ್ಷಣಾಲಯವೊಂದನ್ನು ಕಟ್ಟುವ ಯೋಜನೆಯಿತ್ತು. ಅದು ವಿರೋಧಗಳ, ವ್ಯಾಜ್ಯಗಳ ನಡುವೆ ಸಿಕ್ಕಿಕೊಂಡಿತು. ಝಾರ್ಖಂಡದ ಜಾದುಗುಡದ ಯುರೇನಿಯಂ ಗಣಿಯಲ್ಲಿ, ಸುಮಾರು ೫೫೦ ಮೀಟರ್ ಆಳದಲ್ಲಿ, ೨೦೧೭ರಲ್ಲಿ ಸಣ್ಣದೊಂದು ಪ್ರಯೋಗಶಾಲೆ ತೆರೆದಿದೆ. ಅಲ್ಲಿ ಕಪ್ಪು ದ್ರವ್ಯದ ಹುಡುಕಾಟ ಮೊದಲಾಗಿದೆ. ಕೋಲಾರದ ಗಣಿಗೆ ಅದರ ನಾಲ್ಕು ಪಾಲಿಗೂ ಮಿಗಿಲಾದ ಆಳವಿತ್ತು. ಅದನ್ನು ೨೦೦೧ರಲ್ಲಿ ಮುಚ್ಚಿದರು. ಅದರ ಸುರಂಗಗಳಲ್ಲಿ ಈಗ ನೀರು ನಿಂತಿದೆ.